ಮೋಸಂಬಿ ಸಿಪ್ಪೆ ಸೇರಿಸಿ ಪ್ಲಾಸ್ಟಿಕ್ ಹಾಳೆ: ಗುಳ್ಳೆ ಎಲ್ಲಿಂದ ಬಂದವು?

ನಮಸ್ಕಾರ ಎಲ್ಲರಿಗೂ. ಇದು ಕಲಬುರಗಿಯ ಸೂಪರ್ ಮಾರ್ಕೆಟ್. ಬೆಳಿಗ್ಗೆ ಎಂಟಕ್ಕೇ ಬಿಸಿಲು ಚುರುಗುಟ್ಟುತ್ತಿದೆ. ಆ ಚೀಲದ ತುಂಬ ಮೋಸಂಬಿ ಸಿಪ್ಪೆ. ಜ್ಯೂಸ್ ಅಂಗಡಿಯ ಅಣ್ಣ ದುಡ್ಡು ಮುಟ್ಟಲಿಲ್ಲ. "ಹ್ಯಾಂಗೂ ಚೆಲ್ಲೋದೇ ಅದ, ಒಯ್ಯಿರಿ ಅಕ್ಕಾ" ಎಂದರು.

ಮಾಳಿಗೆ ಮೇಲೆ ಎರಡು ದಿನ ಒಣಗಿಸಿದೆ. ಈ ಊರಿನ ಮೇ ತಿಂಗಳ ಬಿಸಿಲಿಗೆ ಎಲ್ಲರೂ ಬೈಯುತ್ತೇವೆ, ಅಲ್ವಾ? ನನಗೆ ಈ ಸಲ ಅದೇ ಬೇಕಾಗಿತ್ತು. ಸಿಪ್ಪೆ ಹಪ್ಪಳದ ಹಾಗೆ ಪಟ್ ಅಂತ ಮುರಿಯುತ್ತಿತ್ತು. ಮನೆಯೆಲ್ಲ ಮೋಸಂಬಿ ವಾಸನೆ.

ಈಗ ಕಪನೂರು ಕೈಗಾರಿಕಾ ಪ್ರದೇಶದ ಶೆಡ್, ಪ್ಲಾಸ್ಟಿಕ್ ಕರಗಿಸಿ ಹಾಳೆ ಮಾಡುವ ಮಷೀನ್ ಇಲ್ಲಿದೆ. ಗದ್ದಲ ಜಾಸ್ತಿ, ಅದಕ್ಕೇ ಆಮೇಲೆ ಮಾತು ಸೇರಿಸುತ್ತಿದ್ದೇನೆ. ನೂರು ಗ್ರಾಂ ಮಿಶ್ರಣದಲ್ಲಿ 20 ಗ್ರಾಂ ಸಿಪ್ಪೆ ಪುಡಿ, ಉಳಿದದ್ದು ಹೆಚ್ಚುಕಡಿಮೆ ಎಲ್ಲಾ ಎಲ್‌ಡಿಪಿಇ ದಾಣಾ, ಅಂದರೆ ಚೀಲ ಮಾಡುವ ಮೆತ್ತನೆ ಪ್ಲಾಸ್ಟಿಕ್‌ನ ಕಾಳು. ಜೊತೆಗೆ ಒಂಚೂರು ಮಲೇಯಿಕ್ ಅನ್‌ಹೈಡ್ರೈಡ್ ಸೇರಿಸಿದ ಪಾಲಿಎಥಿಲೀನ್. ಸಿಪ್ಪೆಗೆ ನೀರು ಇಷ್ಟ, ಪ್ಲಾಸ್ಟಿಕ್‌ಗೆ ಆಗಿಬರುವುದಿಲ್ಲ. ಇವೆರಡರ ಕೈ ಹಿಡಿಸುವುದು ಇದು. ದಾಣಾ ಸುಮಾರು 110 ಡಿಗ್ರಿಗೆ ಕರಗುತ್ತದೆ. ನಾವು 150ರಲ್ಲಿ ಇಟ್ಟೆವು. 200 ದಾಟಿದರೆ ಸಿಪ್ಪೆ ಕರಕಲಾಗುತ್ತದೆ.

ನೋಡಿ, ಹಾಳೆ ಬಂತು. ಹತ್ತಿರದಿಂದ ತೋರಿಸುತ್ತೇನೆ. ಮೈತುಂಬ ಗುಳ್ಳೆ. ಕೆಲವು ಕಡಲೆ ಕಾಳಿನಷ್ಟಿವೆ, ಒಂದು ಒಡೆದು ತೂತೇ ಬಿದ್ದಿದೆ. ಮೊದಲು ನಾನು ಮಷೀನಿಗೆ ಬೈದೆ. ಗಂಟೆಗೆ ಆರುನೂರು ರೂಪಾಯಿ ಬಾಡಿಗೆ, ಸಿಟ್ಟು ಬರುವುದಿಲ್ವಾ? ಎರಡನೇ ಸಲವೂ ಅದೇ. ಮೂರನೇ ಸಲವೂ ಅದೇ. ಮಷೀನ್ ನಡೆಸುವ ಕಾಕಾ ಪುಡಿಯನ್ನು ಮುಷ್ಟಿಯಲ್ಲಿ ಹಿಡಿದು ಒತ್ತಿದರು. ಅದು ಉಂಡೆ ಕಟ್ಟಿತು! "ಪುಡಿ ಇನ್ನೂ ಹಸಿ ಅದ ನೋಡವ್ವ" ಎಂದರು.

ಮಷೀನಿನ ತಪ್ಪೇನೂ ಇರಲಿಲ್ಲ. ಹಿಂದಿನ ಸಂಜೆ ಮಳೆ ಹನಿದಿತ್ತು, ನಾನು ಡಬ್ಬಿ ಮುಚ್ಚಿರಲಿಲ್ಲ. ಸಿಪ್ಪೆಯಲ್ಲಿ ಸಕ್ಕರೆ, ಪೆಕ್ಟಿನ್ ಎಂಬ ಅಂಟಿನಂಥ ನಾರು ಇರುತ್ತವೆ, ಗಾಳಿಯ ತೇವ ಹೀರಿಬಿಡುತ್ತವೆ. ಆ ನೀರು ಬಿಸಿಗೆ ಆವಿಯಾಗಿ ಹಾಳೆಯನ್ನು ಉಬ್ಬಿಸಿತ್ತು. ಹೆಂಚಿನ ಮೇಲೆ ಜೋಳದ ರೊಟ್ಟಿ ಉಬ್ಬುತ್ತದಲ್ಲ, ಅದೇ ಕತೆ.

ಇದು ಮರುದಿನ. ಪುಡಿಯನ್ನು ಓವನ್ನಿನಲ್ಲಿಟ್ಟು ಮತ್ತೆ ಮತ್ತೆ ತೂಗಿದೆ. 200 ಗ್ರಾಂ ಇದ್ದದ್ದು 178ಕ್ಕೆ ಬಂದು ನಿಂತಿತು. 22 ಗ್ರಾಂ ಬರೀ ನೀರು! ಈ ಹಾಳೆ ನೋಡಿ, ಎಷ್ಟು ನಯವಾಗಿದೆ.

ಇನ್ನೊಂದು ಮಾತು. ಹೋದ ವಿಡಿಯೋದಲ್ಲಿ ಇದು ಮಣ್ಣಲ್ಲಿ ಕೊಳೆಯುತ್ತದೆ ಎಂದಿದ್ದೆ. ಅದನ್ನು ವಾಪಸ್ ತಗೊಳ್ಳುತ್ತೇನೆ. ಕೊಳೆಯುವುದು ಸಿಪ್ಪೆ ಮಾತ್ರ. ಪ್ಲಾಸ್ಟಿಕ್ ಚೂರುಚೂರಾಗಿ ಹೊಲದಲ್ಲೇ ಉಳಿಯುತ್ತದೆ. ಹಾಗಾಗಿ ಸಸಿ ತೊಟ್ಟಿ ಮಾಡುವ ಯೋಚನೆ ಬಿಟ್ಟೆ. ವರ್ಷಗಟ್ಟಲೆ ಬಳಸುವ ಡಬ್ಬಿ, ಟ್ರೇ ಮಾಡಿದರೆ ಸರಿ. ಅಷ್ಟರಮಟ್ಟಿಗೆ ಹೊಸ ಪ್ಲಾಸ್ಟಿಕ್ ಕಮ್ಮಿ ಬೇಕು, ಅದು ನಿಜವಾದ ಲಾಭ.

ಕಾಕಾ ಕರೆಯುತ್ತಿದ್ದಾರೆ, ಅಚ್ಚು ಬಿಸಿಯಾಗಿದೆಯಂತೆ. ಬನ್ನಿ, ಮೊದಲ ಟ್ರೇ ತೆಗೆಯೋಣ.