ಬ್ಲೇಡು ಹಿಡಿದ ಸಂಯೋಜಕಿ
(ಮಡಿಕೇರಿಯಲ್ಲಿ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಎಲೆಕ್ಟ್ರಾನಿಕ್ ಸಂಗೀತ ಅಂದಕೂಡಲೇ ನಿಮಗೆ ಮದುವೆ ಮಂಟಪದ ಡಿಜೆ ನೆನಪಾಗಬಹುದು. ವಾಲಗದ ಜಾಗಕ್ಕೆ ಇದು ಬಂತಲ್ಲ ಎಂದು ಹಿರಿಯರು ಮುಖ ಸಿಂಡರಿಸುವುದೂ ಉಂಟು. ಆದರೆ ಇವತ್ತು ನಾನು ಹೇಳಹೊರಟಿರುವ ಎಲೆಕ್ಟ್ರಾನಿಕ್ ಸಂಗೀತದ ಸಂಯೋಜಕಿ ಡೀಲಿಯಾ ಡರ್ಬಿಶೈರ್ 1963ರಲ್ಲಿ ಕೆಲಸಕ್ಕೆ ಕೂತಾಗ ಆಕೆಯ ಬಳಿ ಸಿಂಥಸೈಜರೂ ಇರಲಿಲ್ಲ, ಕಂಪ್ಯೂಟರೂ ಇರಲಿಲ್ಲ.

ಹುಟ್ಟಿದ್ದು 1937ರಲ್ಲಿ, ಇಂಗ್ಲೆಂಡಿನ ಕವೆಂಟ್ರಿಯಲ್ಲಿ. 1940ರ ನವೆಂಬರಿನಲ್ಲಿ ಜರ್ಮನ್ ವಿಮಾನಗಳು ಆ ಊರಿಗೆ ಬಾಂಬು ಸುರಿದವು. ಬಾಲ್ಯದಲ್ಲಿ ಕೇಳಿದ ಆ ಸೈರನ್‌ಗಳೇ ತನ್ನ ಕಿವಿಯನ್ನು ರೂಪಿಸಿದವು ಎಂದು ಆಕೆ ಮುಂದೆ ಹೇಳಿದ್ದುಂಟು. ಕೇಂಬ್ರಿಜ್‌ನಲ್ಲಿ ಗಣಿತ, ಸಂಗೀತ ಎರಡನ್ನೂ ಓದಿದರು. ಸ್ಟುಡಿಯೋ ಕೆಲಸಕ್ಕೆ ಹೆಂಗಸರನ್ನು ತೆಗೆದುಕೊಳ್ಳುವುದಿಲ್ಲ ಎಂದಿತು ಡೆಕ್ಕಾ ಎಂಬ ರೆಕಾರ್ಡ್ ಕಂಪನಿ. 1960ರಲ್ಲಿ ಬಿಬಿಸಿ ಸೇರಿ, ಎರಡು ವರ್ಷದಲ್ಲಿ ಕಾರ್ಯಕ್ರಮಗಳಿಗೆ ಹೊಸ ಬಗೆಯ ಸದ್ದುಗಳನ್ನು ತಯಾರಿಸುತ್ತಿದ್ದ ಅಲ್ಲಿನ ರೇಡಿಯೋಫೋನಿಕ್ ವರ್ಕ್‌ಶಾಪಿಗೆ ಬಂದರು.

ಬಿಬಿಸಿಯ ವೈಜ್ಞಾನಿಕ ಕಲ್ಪನೆಯ ಟಿವಿ ಧಾರಾವಾಹಿ 'ಡಾಕ್ಟರ್ ಹೂ'ನ ಶೀರ್ಷಿಕೆ ಸಂಗೀತವನ್ನು ಸಂಯೋಜಕ ರಾನ್ ಗ್ರೇನರ್ ಕಾಗದದ ಮೇಲೆ ಬರೆದುಕೊಟ್ಟರು. ಅದಕ್ಕೆ ದನಿ ಕೊಡಬೇಕಾದವರು ಡೀಲಿಯಾ. ಒಂದು ತಂತಿ ಮೀಟಿ ಟೇಪಿಗೆ ಹಿಡಿದರು. ಟೇಪಿನ ವೇಗ ಅರ್ಧ ಮಾಡಿದರೆ ಅದೇ ಸದ್ದು ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಹೀಗೆ ಒಂದೇ ತಂತಿಯಿಂದ ಕೆಳಗಿನ ಬಡಿತಕ್ಕೆ ಬೇಕಾದ ಸ್ವರಗಳೆಲ್ಲ ಹೊರಟವು. ಯಂತ್ರ ಪರೀಕ್ಷೆಗೆಂದು ಇಟ್ಟಿದ್ದ ಆಸಿಲೇಟರುಗಳಿಂದ, ಅಂದರೆ ವಿದ್ಯುತ್ತಿನಿಂದ ಒಂದೇ ಸಮನೆ ಸ್ವರ ಹೊರಡಿಸುವ ಸಾಧನಗಳಿಂದ, ಮೇಲಿನ ರಾಗ. ಆಮೇಲೆ ಬ್ಲೇಡಿನಿಂದ ಟೇಪು ಕತ್ತರಿಸುವುದು, ಅಂಟಿಸುವುದು. ಟೇಪು ಸೆಕೆಂಡಿಗೆ 15 ಇಂಚು ಓಡುವಾಗ ಕಾಲು ಸೆಕೆಂಡಿನ ಸ್ವರವೆಂದರೆ ಸುಮಾರು ನಾಲ್ಕಿಂಚಿನ ತುಂಡು. ತಾಳವನ್ನು ಸ್ಕೇಲಿನಲ್ಲಿ ಅಳೆಯಬೇಕು! ಜೊತೆಗಿದ್ದವರು ಡಿಕ್ ಮಿಲ್ಸ್. ಎಲ್ಲೋ ಒಂದು ಸ್ವರ ತಪ್ಪಿದೆ ಎನಿಸಿದಾಗ ಇಬ್ಬರೂ ಉದ್ದದ ಓಣಿಯಲ್ಲಿ ಟೇಪುಗಳನ್ನು ಅಕ್ಕಪಕ್ಕ ಹಾಸಿ, ಜೋಡಣೆಗಳನ್ನು ಒಂದೊಂದಾಗಿ ಕಣ್ಣಲ್ಲೇ ಹೋಲಿಸಿ ನೋಡಿದರು.

ಕೇಳಿದ ಗ್ರೇನರ್, ಇದನ್ನು ನಾನೇ ಬರೆದೆನೇ ಎಂದರಂತೆ. ಸಂಭಾವನೆಯಲ್ಲಿ ಅರ್ಧ ಡೀಲಿಯಾಗೆ ಸಲ್ಲಲಿ ಎಂದೂ ಹೇಳಿದರು. ಬಿಬಿಸಿ ನಿಯಮ ಒಪ್ಪಲಿಲ್ಲ. ದುಡಿ ಬಾರಿಸುತ್ತ ಹಾಡುವ ನಮ್ಮ ಕೊಡಗಿನ ದುಡಿಕೊಟ್ಟ್ ಪಾಟ್‌ಗಳಲ್ಲೂ ಕಟ್ಟಿದವರ ಹೆಸರಿಲ್ಲದವು ಎಷ್ಟೋ. ಅವು ಬಾಯಿಂದ ಬಾಯಿಗೆ ಸಾಗಿ ಊರಿನದಾದವು. ಡೀಲಿಯಾ ಹೆಸರು ಅಳಿದದ್ದು ಹಾಗಲ್ಲ, ಕಚೇರಿಯ ನಿಯಮದಿಂದ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲು ನನಗೆ ಮನಸ್ಸಿಲ್ಲ.

ಆದರೂ ನನಗೆ ಹೆಚ್ಚು ಇಷ್ಟವಾದದ್ದು ಸಹಾರಾದ ತುವಾರೆಗ್ ಜನರ ಕುರಿತ ಸಾಕ್ಷ್ಯಚಿತ್ರಕ್ಕೆ 1967ರಲ್ಲಿ ಮಾಡಿದ ಕೆಲಸ. ಹಸಿರು ಬಣ್ಣದ ಲೋಹದ ಲ್ಯಾಂಪ್‌ಶೇಡ್ ಒಂದನ್ನು ಬಡಿದರು. 'ಟಣ್' ಎನ್ನುವ ಪೆಟ್ಟನ್ನು ಬಿಟ್ಟು ಅನುರಣನವನ್ನಷ್ಟೇ ಉಳಿಸಿಕೊಂಡರು. ಅದರೊಳಗಿನ ಕಂಪನಗಳಲ್ಲಿ ಪ್ರಬಲವಾದ 12ನ್ನು ಗುರುತಿಸಿ, 12 ಆಸಿಲೇಟರುಗಳಲ್ಲಿ ಮತ್ತೆ ಕಟ್ಟಿದರು. ಕೇಂಬ್ರಿಜ್‌ನ ಗಣಿತ ಕೆಲಸಕ್ಕೆ ಬಂದದ್ದು ಇಲ್ಲಿ. ನಮ್ಮ ಕೊಂಬಿಗೂ ಸ್ವರದ ರಂಧ್ರಗಳಿಲ್ಲ. ನಾದದೊಳಗೆ ಅಡಗಿದ ನಾದಗಳನ್ನು ಊದುವವರು ತುಟಿಯ ಬಿಗಿತದಿಂದಲೇ ಹೊರಡಿಸುತ್ತಾರೆ. ಭೌತಶಾಸ್ತ್ರದ ವಿದ್ಯಾರ್ಥಿಗಳು ಇದನ್ನು ಮೈಕಿನಲ್ಲಿ ಹಿಡಿದು ನೋಡಬಹುದು.

1973ರಲ್ಲಿ ಬಿಬಿಸಿ ಬಿಟ್ಟರು, 2001ರಲ್ಲಿ ತೀರಿಕೊಂಡರು. ಧಾರಾವಾಹಿಯ ತೆರೆಯ ಮೇಲೆ ಅವರ ಹೆಸರು ಮೂಡಿದ್ದು 2013ರಲ್ಲಿ, ಐವತ್ತನೇ ವರ್ಷದ ವಿಶೇಷ ಕಂತಿನಲ್ಲಿ.

ಈಗ 1963ರ ಆ ಸಂಗೀತವನ್ನು ಹಾಕುತ್ತೇನೆ. ಮೇಲಿನ ರಾಗ ಸೆಳೆಯುತ್ತದೆ, ಸ್ವಲ್ಪ ತಡೆಯಿರಿ. ಮೊದಲು ಕೆಳಗಿನ ಬಡಿತ ಕೇಳಿ, ಅದೇ ಆ ತಂತಿ.