ಬೇಲಿಯಾಚೆಯ ಕೋಳಿ ಸುದ್ದಿ

ಅಕ್ಕಂದಿರೇ, ಅಣ್ಣಂದಿರೇ, ನಮಸ್ಕಾರ.

ಸಭೆ ಶುರುವಾಗುವ ಮೊದಲು ನಿಮ್ಮ ಮಾತು ಕೇಳಿಸಿಕೊಳ್ಳುತ್ತಾ ಕೂತಿದ್ದೆ. ಒಬ್ಬರ ಕರಿ ಹೇಂಟೆ ಹುಲ್ಲುಮೆದೆಯ ಸಂದಿಯಲ್ಲಿ ಕದ್ದು ಮೊಟ್ಟೆಯಿಟ್ಟು, ಮೊನ್ನೆ ಹನ್ನೊಂದು ಪಿಳ್ಳೆ ಕಟ್ಟಿಕೊಂಡು ಅಂಗಳಕ್ಕೆ ಬಂತಂತೆ. ಇನ್ನೊಬ್ಬರಿಗೆ ಮುಂಗುಸಿ ಕಾಟ. ನಾನು ಕೇಳುತ್ತಿದ್ದೇನೆಂದು ಗೊತ್ತಾದ ಕೂಡಲೇ "ಇದೇನು ದೊಡ್ಡ ಸುದ್ದಿ ಬಿಡಿ ಸಾರ್" ಅಂದಿರಿ. ನಾನು ಮಾತಾಡಬೇಕೆಂದು ಬಂದಿರುವುದು ಆ ಸುದ್ದಿಯ ಬಗ್ಗೆಯೇ.

ಪಶು ಆಸ್ಪತ್ರೆಯ ಕೆಲಸದಲ್ಲಿದ್ದಾಗ, ಕೋಳಿಗಳನ್ನು ಸಾಲಾಗಿ ಸಾಯಿಸುವ ಕೊಕ್ಕರೆ ರೋಗದ ಲಸಿಕೆಯನ್ನು ಐಸ್ ತುಂಬಿದ ಫ್ಲಾಸ್ಕಿನಲ್ಲಿಟ್ಟುಕೊಂಡು ಊರೂರಿಗೆ ಹೋಗುತ್ತಿದ್ದೆ. ಒಂದು ಸೀಸೆಯಲ್ಲಿ ನೂರು ಕೋಳಿಗಾಗುವಷ್ಟು ಲಸಿಕೆ. ದ್ರಾವಣ ಬೆರೆಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು, ಮರುದಿನಕ್ಕೆ ಬಾರದು. ಮನೆಗೆ ಏಳೆಂಟು ಕೋಳಿ ಇರುವ ಊರಿನಲ್ಲಿ ಒಬ್ಬರು ಕರೆದರೆಂದು ಸೀಸೆ ತೆರೆಯುವುದು ಹೇಗೆ? ಹೊತ್ತೇರಿದ ಮೇಲೆ ಹೋದರಂತೂ ಕೋಳಿಗಳೆಲ್ಲ ಹಿತ್ತಲು, ಹೊಲ ಸೇರಿಬಿಟ್ಟಿರುತ್ತಿದ್ದವು. ಒಂದು ಊರಿನಲ್ಲಿ ಮಾತ್ರ, ನೀರಿನ ಟ್ಯಾಂಕಿನ ಹತ್ತಿರ ಬಿಂದಿಗೆ ಹಿಡಿದು ನಿಂತ ಹೆಂಗಸರ ಬಾಯಲ್ಲಿ ಪೂರಾ ಲೆಕ್ಕ ಇರುತ್ತಿತ್ತು: ಯಾರ ಮನೆಯಲ್ಲಿ ಎಷ್ಟು ಹೇಂಟೆ, ಯಾರ ಪಿಳ್ಳೆಗೆ ಎಂಟು ವಾರ ತುಂಬಿತು, ಯಾರದು ಕಾವಿಗೆ ಕೂತಿದೆ. ಅವರೇ ದಿನ ಗೊತ್ತು ಮಾಡಿ, ಕೋಳಿ ಮುಚ್ಚಿದ ಮಂಕರಿ ಎತ್ತುವ ಮೊದಲೇ ಬರಹೇಳುತ್ತಿದ್ದರು. ಬಿಸಿಲೇರುವಷ್ಟರಲ್ಲಿ ಸೀಸೆ ಖಾಲಿ. ಅಷ್ಟು ಅಚ್ಚುಕಟ್ಟಾದ ರಿಜಿಸ್ಟರ್ ನಮ್ಮ ಆಸ್ಪತ್ರೆಯಲ್ಲೂ ಇರಲಿಲ್ಲ.

ಕೋಳಿ ಮೇಲೆ ದಿನಾ ಕಣ್ಣಿಟ್ಟು ಕಂಡದ್ದನ್ನು ನೆನಪಿಟ್ಟುಕೊಳ್ಳುವುದು ಸಣ್ಣ ಕೆಲಸವಲ್ಲ. ನಾರ್ವೆ ದೇಶದಲ್ಲಿ ಶೆಲ್ಡರುಪ್ ಎಬ್ಬೆ ಎಂಬ ಹುಡುಗ ಯಾವ ಕೋಳಿ ಯಾವುದನ್ನು ಕುಕ್ಕಿತು ಎಂದು ಬರೆದಿಡುತ್ತಿದ್ದ. ಕೋಳಿಗಳಲ್ಲೂ ಮೇಲು-ಕೆಳಗಿನ ಸಾಲು ಇದೆಯೆಂದು, ದೊಡ್ಡವನಾದ ಮೇಲೆ, 1920ರ ದಶಕದ ಆರಂಭದಲ್ಲಿ ಲೋಕಕ್ಕೆ ತೋರಿಸಿದವನು ಅವನೇ. ಹೊಸ ಕೋಳಿಯನ್ನು ಹಗಲು ಬಿಟ್ಟರೆ ಎಲ್ಲವೂ ಮೇಲೆ ಬೀಳುತ್ತವೆ, ಕತ್ತಲಾದ ಮೇಲೆ ಗೂಡಿಗೆ ಸೇರಿಸು ಎಂದು ನಿಮ್ಮ ಅತ್ತೆಯಂದಿರು ಹೇಳಿಲ್ಲವೇ? ಅದೂ ಹಾಗೆ ಕಣ್ಣಿಟ್ಟು ಕಲಿತದ್ದೇ.

ಕಾವಿಗೆ ಕೂತ ಸುದ್ದಿಯನ್ನೂ ಬಚ್ಚಿಡಬೇಡಿ. ಹೆಬ್ಬಾಳದ ಪಶುವೈದ್ಯ ಕಾಲೇಜಿನಿಂದ ಬಂದ ಗಿರಿರಾಜ ತಳಿಯ ಕೋಳಿ ಮೊಟ್ಟೆ ಚೆನ್ನಾಗಿ ಇಡುತ್ತದೆ, ಕಾವಿಗೆ ಕೂರುವ ಗುಣ ಅದಕ್ಕಿಲ್ಲ. ಪಕ್ಕದ ಮನೆಯ ನಾಟಿ ಹೇಂಟೆ ಕೂತಿದೆಯೆಂದು ಗೊತ್ತಾದರೆ ಹತ್ತು ಮೊಟ್ಟೆ ಅದರಡಿ ಇಟ್ಟು, 21 ದಿನಕ್ಕೆ ಬಂದ ಮರಿಗಳನ್ನು ಇಬ್ಬರೂ ಹಂಚಿಕೊಳ್ಳಬಹುದು.

ನಾವು ಹೇಳದೆ ಉಳಿಸಿಕೊಳ್ಳುವುದು ಕೆಟ್ಟ ಸುದ್ದಿಯನ್ನು. ಕೋಳಿ ತೂಕಡಿಸುತ್ತಿದೆ, ಹಸಿರು ಹಿಕ್ಕೆ ಹಾಕುತ್ತಿದೆ, ಕತ್ತು ತಿರುಚಿದೆ ಅಂದರೆ ಯಾರಿಗೂ ಹೇಳದೆ ಸಂತೆಗೆ ಸಾಗಿಸಿಬಿಡುತ್ತೇವೆ. ಒಂದು ಜಾತ್ರೆಯ ಮರುದಿನ ನಮ್ಮ ನೆಂಟರೊಬ್ಬರು ಅಮ್ಮನಿಗೆ ಒಂದು ಹುಂಜ ತಂದುಕೊಟ್ಟರು. ಅವರ ಕೇರಿಯಲ್ಲಿ ಕೋಳಿ ಸಾಯುತ್ತಿದ್ದದ್ದನ್ನು ಹೇಳಲಿಲ್ಲ. ಈ ಕೊಕ್ಕರೆ ರೋಗ ಮೈಗೆ ಹೊಕ್ಕ ಮೇಲೆ ಹೊರಗೆ ಕಾಣಲು ಸಾಮಾನ್ಯವಾಗಿ ಐದಾರು ದಿನ ಬೇಕು. ಆರನೆಯ ದಿನ ಹುಂಜ ರೆಕ್ಕೆ ಇಳಿಬಿಟ್ಟಿತು. ಅದಾಗಿ ವಾರದೊಳಗೆ ಹದಿನಾಲ್ಕರಲ್ಲಿ ಒಂದೇ ಹೇಂಟೆ ಉಳಿಯಿತು. ಅಮ್ಮ ಸತ್ತ ಕೋಳಿಗಳನ್ನು ಹೂಳುತ್ತಾ, "ಒಂದು ಮಾತು ಹೇಳಿದ್ದಿದ್ರೆ ಅದನ್ನ ಬೇರೆ ಮಂಕರೀಲಿ ಮುಚ್ಚಿಡ್ತಿದ್ದೆ" ಅಂದಳು. ಆ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. ಬಂದ ಮೇಲೆ ಇದಕ್ಕೆ ಮದ್ದಿಲ್ಲ. ಹಿಕ್ಕೆ ಮೆತ್ತಿದ ಚಪ್ಪಲಿ, ಬುಟ್ಟಿ ಸಾಕು ಇನ್ನೊಂದು ಹಿತ್ತಲಿಗೆ ದಾಟಲು. ಅದಕ್ಕಿಂತ ಮುಂಚೆ ಬೇಲಿ ದಾಟಬಲ್ಲದ್ದು ನಿಮ್ಮ ಮಾತೊಂದೇ. ದಯವಿಟ್ಟು ಹೇಳಿ, ಹೇಳಿದವರನ್ನು ದೂರಬೇಡಿ.

ಈಗ ಕರಿ ಹೇಂಟೆಯ ಮನೆಯ ಅಕ್ಕ, ನಿಮ್ಮ ಪಿಳ್ಳೆಗಳು ಮೊಟ್ಟೆಯೊಡೆದು ಎಷ್ಟು ದಿನವಾಯಿತು? ಮೊಟ್ಟೆಯೊಡೆದ ವಾರದೊಳಗೆ ಒಂದೊಂದರ ಕಣ್ಣಿಗೂ ಮೊದಲ ಲಸಿಕೆಯ ಒಂದು ಹನಿ ಬೀಳಬೇಕು. ನಿಮ್ಮ ಕೇರಿಯಲ್ಲಿ ಇನ್ಯಾರ ಮನೆಯಲ್ಲಿ ಮರಿ ಎದ್ದಿದೆ, ಹೇಳಿ, ಬರೆದುಕೊಳ್ಳುತ್ತೇನೆ.