ಮೂವತ್ತೈದು ಸಾವಿರ ಅಡಿಯಲ್ಲಿ ಕರೆಂಟ್ ಹೋದರೆ

ನಮಸ್ಕಾರ. ಹಿಂದಿನ ಸಾಲಿಗೂ ಕೇಳಿಸುತ್ತಿದೆ ಅಲ್ವಾ? ಸರಿ.

ಮೊದಲು ಒಂದು ಗೊಂದಲ ಬಿಡಿಸಿಬಿಡೋಣ. ಹಾರುವ ವಿಮಾನದಲ್ಲಿ ಕರೆಂಟ್ ಹೋಯಿತು ಅಂದ ತಕ್ಷಣ ಎಲ್ಲರೂ ಕೇಳುವುದು ಒಂದೇ, "ಹಾಗಾದ್ರೆ ಇಂಜಿನ್ ನಿಂತುಹೋಗುತ್ತಾ?" ಇಲ್ಲ. ಜೆಟ್ ಇಂಜಿನ್ ಒಮ್ಮೆ ಹೊತ್ತಿಕೊಂಡರೆ, ಗಾಳಿ ಮತ್ತು ಇಂಧನ ಸಿಗುವವರೆಗೆ ಒಳಗಿನ ಉರಿ ತಾನಾಗಿ ನಡೆಯುತ್ತಿರುತ್ತದೆ. ಈಗಿನ ಇಂಜಿನ್‌ಗಳನ್ನು ನೋಡಿಕೊಳ್ಳುವ ಕಂಪ್ಯೂಟರಿಗೂ ಇಂಜಿನ್ನೇ ತಿರುಗಿಸುವ ಒಂದು ಪುಟ್ಟ ಆಲ್ಟರ್ನೇಟರ್ ಬೇರೆಯಾಗಿ ಇರುತ್ತದೆ. ಕರೆಂಟ್ ಹೋದರೆ ಹೋಗುವುದು ವಿಮಾನದ ಕಣ್ಣು, ಕಿವಿ, ಬಾಯಿ. ಅಂದರೆ ಪರದೆಗಳು, ರೇಡಿಯೋ, ದೀಪ, ಆಟೋಪೈಲಟ್. ಅದೇನೂ ಸಣ್ಣ ವಿಷಯ ಅಲ್ಲ, ಆದರೆ ವಿಮಾನ ಕಲ್ಲಿನ ಹಾಗೆ ಕೆಳಗೆ ಬೀಳುವುದಿಲ್ಲ.

ಈ ಕರೆಂಟ್ ಬರುವುದು ಎಲ್ಲಿಂದ? ಏರ್‌ಬಸ್ ಎ320 ತೆಗೆದುಕೊಳ್ಳಿ. ಎರಡು ಇಂಜಿನ್, ಪ್ರತಿಯೊಂದಕ್ಕೂ 90 ಕೆವಿಎ ಸಾಮರ್ಥ್ಯದ ಒಂದು ಜನರೇಟರ್. ಬಾಲದಲ್ಲಿ ಎಪಿಯು ಅನ್ನುವ ಸಣ್ಣ ಟರ್ಬೈನ್ ಇದೆ, ಅದರ ಜನರೇಟರ್ ಕೂಡ ಅಷ್ಟೇ ದೊಡ್ಡದು. ಬರುವ ಕರೆಂಟ್ 115 ವೋಲ್ಟ್, 400 ಹರ್ಟ್ಸ್. ಮನೆಗೆ ಬರುವುದು 50 ಅಥವಾ 60 ಹರ್ಟ್ಸ್, ಇಲ್ಲೇಕೆ 400? ತೂಕದ ಲೆಕ್ಕ ಅಷ್ಟೇ. ಹರ್ಟ್ಸ್ ಜಾಸ್ತಿ ಆದಷ್ಟೂ ಟ್ರಾನ್ಸ್‌ಫಾರ್ಮರ್‌ಗೂ ಮೋಟರಿಗೂ ಕಡಿಮೆ ಕಬ್ಬಿಣ ಸಾಕು.

ಒಂದು ಜನರೇಟರ್ ಕೈಕೊಟ್ಟರೆ ಇನ್ನೊಂದು ಎರಡೂ ಕಡೆಯ ಭಾರ ಹೊರುತ್ತದೆ, ಆ ಭಾರ ಹೊರಲಾಗುವಂತೆ ಅಡುಗೆ ಕಟ್ಟೆಯ ಓವನ್‌ಗಳಂಥ ದೊಡ್ಡ ಹೊಟ್ಟೆಯವನ್ನು ವಿಮಾನವೇ ಆಫ್ ಮಾಡಿಬಿಡುತ್ತದೆ. ನಿಮಗೆ ಗೊತ್ತಾಗುವುದು ಕಾಫಿ ತಣ್ಣಗಿದೆ ಅನ್ನುವುದು ಮಾತ್ರ. ಪೈಲಟ್‌ಗಳು ಚೆಕ್‌ಲಿಸ್ಟ್ ಓದುತ್ತಾರೆ, ಎಪಿಯು ಶುರು ಮಾಡುತ್ತಾರೆ, ಕೆಟ್ಟ ಜನರೇಟರನ್ನು ಒಮ್ಮೆ ಆಫ್ ಆನ್ ಮಾಡಿ ನೋಡುತ್ತಾರೆ. ಅದರ ಎಣ್ಣೆ ಕಾದಿದ್ದರೆ ಇಂಜಿನ್ನಿನಿಂದ ಅದನ್ನು ಕಳಚುವ ಸ್ವಿಚ್ ಇದೆ. ಆ ಸ್ವಿಚ್ ಮೇಲೆ ಮುಚ್ಚಳ ಯಾಕಿದೆ ಗೊತ್ತಾ? ಒಮ್ಮೆ ಕಳಚಿದರೆ ಮತ್ತೆ ಜೋಡಿಸಲು ನೆಲಕ್ಕೇ ಬರಬೇಕು. ತಪ್ಪಿ ಒಳ್ಳೆಯ ಕಡೆಯದನ್ನು ಒತ್ತಿದರೆ ಕಥೆ ಮುಗಿಯಿತು. ಅದಕ್ಕೇ ಒಬ್ಬರು ಬೆರಳಿಟ್ಟು "ಇದೇನಾ?" ಅಂತ ಕೇಳಬೇಕು, ಇನ್ನೊಬ್ಬರು ನೋಡಿ "ಹೌದು" ಅನ್ನಬೇಕು, ಆಮೇಲೆ ಒತ್ತುವುದು.

ಎಲ್ಲ ಜನರೇಟರೂ ಹೋದರೆ? ಆಗ ಹೊಟ್ಟೆಯ ಕೆಳಗಿಂದ ಒಂದು ಗಿರಗಿಟ್ಟಲೆ ಹೊರಗೆ ಬೀಳುತ್ತದೆ. ಅದರ ಹೆಸರು ರ‍್ಯಾಟ್. ವಿಮಾನದ ವೇಗಕ್ಕೆ ಎದುರಾಗುವ ಗಾಳಿಗೇ ಅದು ತಿರುಗುತ್ತದೆ. ಎ320ರಲ್ಲಿ ಅದರಿಂದ ಬರುವುದು 5 ಕೆವಿಎ. ಒಂದು ಜನರೇಟರೇ 90 ಕೊಡುತ್ತಿತ್ತು, ಈಗ ಸಿಗುತ್ತಿರುವುದು 5. ಯಾವುದು ಬದುಕಬೇಕು, ಯಾವುದು ಸಾಯಬೇಕು ಅನ್ನುವ ತೀರ್ಮಾನ ವಿನ್ಯಾಸದ ಮೇಜಿನ ಮೇಲೇ ಆಗಿರುತ್ತದೆ. ಕ್ಯಾಪ್ಟನ್ ಮುಂದಿನ ಪರದೆ ಉಳಿಯುತ್ತದೆ, ಸಹ ಪೈಲಟ್‌ನದು ಕಪ್ಪಾಗುತ್ತದೆ. ಆಟೋಪೈಲಟ್ ಹೋಗುತ್ತದೆ, ಕೈಯಿಂದಲೇ ಹಾರಿಸಬೇಕು. ಬೋಯಿಂಗ್ 737ರಲ್ಲಿ ಈ ಗಿರಗಿಟ್ಟಲೆಯೂ ಇಲ್ಲ, ಬ್ಯಾಟರಿಯೇ ಗತಿ. ಒಂದು ಬ್ಯಾಟರಿ ಇರುವ ಮಾದರಿಯಲ್ಲಿ ಕನಿಷ್ಠ 30 ನಿಮಿಷ, ಎರಡಿದ್ದರೆ 60. ಹಾಗಾಗಿ ಅಲ್ಲಿ ಪೈಲಟ್ ಮಾಡಬೇಕಾದ ಮೊದಲ ಲೆಕ್ಕ ವೋಲ್ಟಿನದಲ್ಲ, ಗಡಿಯಾರದ್ದು.

ಗಿರಗಿಟ್ಟಲೆಗೂ ಒಂದು ಕುಂದು ಇದೆ, ವಿಮಾನ ನಿಧಾನವಾದಷ್ಟೂ ಅದೂ ಸೋಲುತ್ತದೆ. 1983ರ ಜುಲೈ 23ರಂದು ಏರ್ ಕೆನಡಾದ ಒಂದು 767, ಪೌಂಡು ಮತ್ತು ಕಿಲೋ ಲೆಕ್ಕ ಕಲಸಿಹೋಗಿ, 41,000 ಅಡಿಯಲ್ಲಿ ಇಂಧನ ಖಾಲಿ ಮಾಡಿಕೊಂಡಿತು. ಇಂಜಿನ್ ಎರಡೂ ನಿಂತವು, ಅವುಗಳ ಜೊತೆ ಜನರೇಟರ್‌ಗಳೂ, ಪರದೆಗಳೂ. ಅದರ ರ‍್ಯಾಟ್ ಕೊಟ್ಟದ್ದು ಕರೆಂಟ್ ಅಲ್ಲ, ರೆಕ್ಕೆಯ ಪಟ್ಟಿಗಳನ್ನು ಅಲ್ಲಾಡಿಸುವ ಹೈಡ್ರಾಲಿಕ್ ಒತ್ತಡ. ಗಿಮ್ಲಿ ಅನ್ನುವ ಊರಿನ ಹಳೇ ವಾಯುನೆಲೆಗೆ ಇಳಿಯುವ ಹೊತ್ತಿಗೆ ವೇಗ ತಗ್ಗಿ, ಕಂಟ್ರೋಲ್‌ಗಳು ಬಿಗಿಯಾಗುತ್ತಾ ಬಂದವು, ಅತಿ ಮುಖ್ಯವಾದ ಗಳಿಗೆಯಲ್ಲೇ. ಒಳಗಿದ್ದ 69 ಜನರೂ ಬದುಕಿದರು.

ಇನ್ನು ಪರದೆ ಕಪ್ಪಾದ ಕ್ಷಣ ಒಳಗೆ ಹೇಗಿರುತ್ತದೆ? 2005ರ ಅಕ್ಟೋಬರ್ 22ರ ರಾತ್ರಿ, ಬ್ರಿಟಿಷ್ ಏರ್‌ವೇಸ್‌ನ ಎ319 ಲಂಡನ್‌ನ ಹೀಥ್ರೋದಿಂದ ಬುಡಾಪೆಸ್ಟ್‌ಗೆ ಹೊರಟು ಮೇಲೇರುತ್ತಿತ್ತು. ಒಂದು ದೊಡ್ಡ ಸದ್ದು, ಹೆಚ್ಚುಕಡಿಮೆ ಎಲ್ಲ ಪರದೆಗಳೂ ಮಾಯ, ಕಾಕ್‌ಪಿಟ್‌ನ ದೀಪಗಳೂ ಮಾಯ. ಕ್ಯಾಪ್ಟನ್ ಕಿಟಕಿಯಾಚೆ ಕಾಣುತ್ತಿದ್ದ ದಿಗಂತ ನೋಡಿಕೊಂಡು ಹಾರಿಸಿದರು, ಪಕ್ಕದಲ್ಲಿದ್ದ ಬದಲಿ ಮಾಪಕ ಕತ್ತಲಲ್ಲಿ ಸರಿಯಾಗಿ ಕಾಣುತ್ತಿರಲಿಲ್ಲ. ಮೇ ಡೇ, ಅಂದರೆ ಪ್ರಾಣಾಪಾಯದ ಕರೆ ಕೊಟ್ಟರು. ಅದು ಯಾರಿಗೂ ಕೇಳಲಿಲ್ಲ, ಯಾಕೆಂದರೆ ಆ ರೇಡಿಯೋಗೂ ಕರೆಂಟ್ ಇರಲಿಲ್ಲ! ಸಹ ಪೈಲಟ್ ಉಳಿದ ಪರದೆಯಲ್ಲಿ ಬಂದ ಚೆಕ್‌ಲಿಸ್ಟ್ ಹಿಡಿದು ಕೆಲಸ ಮಾಡಿದರು, ಸುಮಾರು 90 ಸೆಕೆಂಡಿನಲ್ಲಿ ಬಹುಪಾಲು ವಾಪಸ್ ಬಂತು. ಇದರಲ್ಲಿ ನನಗೆ ಇಷ್ಟವಾಗುವುದು ಕೆಲಸ ಹಂಚಿಕೊಂಡ ರೀತಿ. ಒಬ್ಬರು ಹಾರಿಸಿದರು, ಅಷ್ಟೇ ಮಾಡಿದರು. ಇಬ್ಬರೂ ಬಗ್ಗಿ ಸ್ವಿಚ್ ಹುಡುಕಿದ್ದರೆ ವಿಮಾನವನ್ನು ನೋಡುವವರು ಯಾರು?

ಇನ್ನೊಂದು, ನೀರಿನ ಕಥೆ. 2008ರ ಜನವರಿ 7, ಕ್ವಾಂಟಾಸ್‌ನ 747 ಲಂಡನ್‌ನಿಂದ ಬ್ಯಾಂಕಾಕ್ ಹತ್ತಿರ ಬರುತ್ತಿತ್ತು. ಅಡುಗೆ ಕಟ್ಟೆಯ ನೀರು ಉಕ್ಕಿ, ನೆಲದ ಕೆಳಗಿದ್ದ ಜನರೇಟರ್ ನಿಯಂತ್ರಣ ಪೆಟ್ಟಿಗೆಗಳ ಮೇಲೆ ಸುರಿಯಿತು. ನಾಲ್ಕು ಮುಖ್ಯ ಬಸ್‌ಗಳಲ್ಲಿ ಮೂರು ಸತ್ತವು. ಬಸ್ ಅಂದರೆ ರಸ್ತೆಯ ಬಸ್ಸಲ್ಲ, ಕರೆಂಟ್ ಹಂಚುವ ಪಟ್ಟಿ. ಇಂಜಿನ್ ನಾಲ್ಕೂ ಚೆನ್ನಾಗಿ ತಿರುಗುತ್ತಿದ್ದವು, ಕಾಕ್‌ಪಿಟ್ ಮಾತ್ರ ಬ್ಯಾಟರಿಯ ಮೇಲೆ ಉಸಿರಾಡುತ್ತಿತ್ತು. ಹಗಲು, ಹತ್ತಿರದಲ್ಲೇ ರನ್‌ವೇ, ಕ್ಷೇಮವಾಗಿ ಇಳಿದರು. ನಾಲ್ಕು ಜನರೇಟರ್ ಇಟ್ಟು, ಅವುಗಳ ಪೆಟ್ಟಿಗೆಗಳನ್ನೆಲ್ಲ ಒಂದೇ ಸೋರುವ ಜಾಗದ ಕೆಳಗೆ ಇಟ್ಟರೆ ನಾಲ್ಕಿದ್ದೂ ಏನು ಬಂತು? ನನ್ನ ಕೇಳಿದರೆ, ವಿನ್ಯಾಸ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ.

ಇಷ್ಟು ಹೊತ್ತು ಹೇಳಿದ್ದೆಲ್ಲ ಕರೆಂಟ್ ಇಲ್ಲದ ಕಷ್ಟ. ನನಗೆ ನಿಜವಾಗಿ ಭಯ ಹುಟ್ಟಿಸುವುದು ಇದರ ಉಲ್ಟಾ, ಇರಬಾರದ ಕಡೆ ಕರೆಂಟ್ ಇರುವುದು. ವೈರಿನ ಮೇಲಿನ ಹೊದಿಕೆ ಸವೆದು, ಕಿಡಿ ಹಾರಿ, ಪ್ಯಾನೆಲ್ ಹಿಂದೆ ಎಲ್ಲೋ ಉರಿಯುತ್ತಿರುವುದು. ಕಾಣುವುದಿಲ್ಲ, ಸುಮ್ನೆ ಒಂದು ವಾಸನೆ.

1983ರ ಜೂನ್ 2, ಏರ್ ಕೆನಡಾದ ಡಿಸಿ-9. ಹಿಂದಿನ ಶೌಚಾಲಯದ ಫ್ಲಶ್ ಮೋಟರಿನ ಮೂರು ಸರ್ಕ್ಯೂಟ್ ಬ್ರೇಕರ್, ಅಂದರೆ ಮನೆಯ ಎಂಸಿಬಿಯಂಥವು, ಒಟ್ಟಿಗೆ ಹಾರಿದವು. ಕ್ಯಾಪ್ಟನ್ ಮತ್ತೆ ಒತ್ತಿ ನೋಡಿದರು, ನಿಲ್ಲಲಿಲ್ಲ. ಕೆಲವು ನಿಮಿಷ ಬಿಟ್ಟು ಮತ್ತೆ ಒತ್ತಿದರು. ಆ ಕಾಲಕ್ಕೆ ಅದು ಯಾರಾದರೂ ಮಾಡುವಂಥ ಕೆಲಸವೇ, ಅವರನ್ನು ದೂರುವುದು ಸುಲಭ. ಬೆಂಕಿ ಶುರುವಾದದ್ದು ಯಾವುದರಿಂದ ಅನ್ನುವುದು ತನಿಖೆಯಲ್ಲೂ ಕಡೆಗೆ ತೀರ್ಮಾನ ಆಗಲಿಲ್ಲ. ಆದರೆ ಶೌಚಾಲಯದ ಗೋಡೆಯ ಹಿಂದೆ ಬೆಂಕಿ ಇತ್ತು. ಸಿನ್ಸಿನಾಟಿಯಲ್ಲಿ ಇಳಿದು ಬಾಗಿಲು ತೆಗೆದ ಒಂದೊಂದೂವರೆ ನಿಮಿಷದಲ್ಲಿ ಒಳಗೆ ನುಗ್ಗಿದ ಗಾಳಿಗೆ ಎಲ್ಲ ಭಗ್ಗೆಂದಿತು. 46 ಜನರಲ್ಲಿ 23 ಜನ ಹೊರಗೆ ಬರಲಿಲ್ಲ. ಈಗ ಶೌಚಾಲಯದಲ್ಲಿ ಹೊಗೆ ಪತ್ತೆ ಯಂತ್ರ, ದಾರಿ ತೋರಿಸಲು ನೆಲದ ಬಳಿ ದೀಪ ಇವೆಯಲ್ಲ, ಇವುಗಳನ್ನು ಕಡ್ಡಾಯ ಮಾಡಿಸಿದ್ದು ಈ ದುರಂತ. ಬ್ರೇಕರ್ ವಿಷಯದಲ್ಲಿ ಈಗಿನ ಪಾಠ ಹೀಗಿದೆ: ಹಾರಾಟದಲ್ಲಿ ಹಾರಿದ ಬ್ರೇಕರನ್ನು ಮುಟ್ಟಬೇಡ, ಸುರಕ್ಷೆಗೆ ಅದು ಬೇಕೇ ಬೇಕು ಅಂತ ಕ್ಯಾಪ್ಟನಿಗೆ ಅನಿಸಿದರೆ ಒಂದೇ ಸಲ ಒತ್ತು, ಇಂಧನ ಪಂಪಿನದಾದರೆ ಅದೂ ಬೇಡ. ಮನೆಯಲ್ಲಿ ಎಂಸಿಬಿ ಬಿದ್ದಾಗ ನಾವು ಎಷ್ಟು ಸಲ ಎತ್ತುತ್ತೇವೆ ಅಂತ ಯೋಚಿಸಿ.

ಆಮೇಲೆ 1998ರ ಸೆಪ್ಟೆಂಬರ್ 2, ಸ್ವಿಸ್‌ಏರ್ 111. ನ್ಯೂಯಾರ್ಕ್‌ನಿಂದ ಜಿನೀವಾಕ್ಕೆ ಹೊರಟ ಎಂಡಿ-11. ಕಾಕ್‌ಪಿಟ್‌ನಲ್ಲಿ ವಾಸನೆ ಬಂತು, ಏಸಿಯದು ಅಂದುಕೊಂಡರು. ಕೆಲವು ನಿಮಿಷದಲ್ಲಿ ಕೆನಡಾದ ಹ್ಯಾಲಿಫ್ಯಾಕ್ಸ್ ಕಡೆ ತಿರುಗಿದರು. ಚೆಕ್‌ಲಿಸ್ಟ್ ಹೇಳಿದಂತೆ ಪ್ರಯಾಣಿಕರ ಕಡೆಯ ಕರೆಂಟ್ ಕಡಿದರು. ಅದರ ಜೊತೆ ಗಾಳಿ ತಿರುಗಿಸುವ ಫ್ಯಾನ್‌ಗಳೂ ನಿಂತವು, ಗಾಳಿಯ ದಿಕ್ಕು ಬದಲಾಗಿ ಬೆಂಕಿ ಕಾಕ್‌ಪಿಟ್ ಕಡೆಗೇ ಬಂತು. ಆಫ್ ಮಾಡುವುದೂ ಅಷ್ಟು ಸಲೀಸಲ್ಲ, ನೋಡಿ. ಮೊದಲ ವಾಸನೆಯಿಂದ ಸಮುದ್ರಕ್ಕೆ ಬೀಳುವವರೆಗೆ ಸುಮಾರು 21 ನಿಮಿಷ, 229 ಜನ. ಕೆನಡಾದ ತನಿಖೆ ನಾಲ್ಕು ವರ್ಷಕ್ಕೂ ಜಾಸ್ತಿ ನಡೆಯಿತು. ಚಾವಣಿಯ ಮೇಲಿನ ವೈರಿನಲ್ಲಿ ಕಿಡಿ, ಅದರ ಪಕ್ಕದಲ್ಲೇ ಸುಲಭವಾಗಿ ಹೊತ್ತಿಕೊಳ್ಳುವ ಹೊದಿಕೆ. ವಾಸನೆ ಬಂದ ತಕ್ಷಣ ನೇರ ಹೊರಟಿದ್ದರೂ ಕ್ಷೇಮವಾಗಿ ಇಳಿಯಲು ಆಗುತ್ತಿರಲಿಲ್ಲ ಅಂತ ವರದಿಯೇ ಹೇಳಿತು. ಆದರೆ ಆ ಮಾತು ಆ ಒಂದು ವಿಮಾನದ್ದು. ಮುಂದಿನ ಪೈಲಟ್‌ಗೆ ತನ್ನ ಹತ್ತಿರ 10 ನಿಮಿಷ ಇದೆಯೋ 40 ಇದೆಯೋ ಗೊತ್ತಿರುವುದಿಲ್ಲವಲ್ಲ. ಅದಕ್ಕೇ ಈಗ ಮಾಸ್ಕ್ ಹಾಕು, ನೂರಕ್ಕೆ ನೂರು ಆಮ್ಲಜನಕ ಇಟ್ಟುಕೊ, ಮೂಗು ಹಾಕಿಕೊಂಡು ಮೂಲ ಹುಡುಕುತ್ತಾ ಕೂರುವ ಮೊದಲೇ ವಿಮಾನವನ್ನು ಹತ್ತಿರದ ರನ್‌ವೇ ಕಡೆ ತಿರುಗಿಸು ಅಂತ ಕಲಿಸುತ್ತಾರೆ. ಹೊಗೆ ನಿಂತರೆ ಸುಮ್ನೆ ಇಳಿದಂತಾಯಿತು, ಯಾರೇನೂ ಬೈಯುವುದಿಲ್ಲ.

ನೀವು ಕುಳಿತ ಕಡೆಯಿಂದ ಮಾಡಬಹುದಾದದ್ದೂ ಒಂದಿದೆ. ಈಗ ವಿಮಾನದಲ್ಲಿ ಹೊತ್ತಿಕೊಳ್ಳುವ ಎಷ್ಟೋ ಬ್ಯಾಟರಿಗಳು ವಿಮಾನದ್ದಲ್ಲ, ನಮ್ಮ ಜೇಬಿನವು. ಫೋನ್ ಸೀಟಿನ ಸಂದಿಗೆ ಬಿದ್ದರೆ ಸೀಟನ್ನು ಹಿಂದೆ ಮುಂದೆ ಮಾಡಿ ಹುಡುಕಬೇಡಿ. ಸೀಟಿನ ಯಂತ್ರದ ಮಧ್ಯೆ ಫೋನ್ ನಜ್ಜಿದರೆ ಒಳಗಿನ ಲಿಥಿಯಂ ಬ್ಯಾಟರಿ ಹೊತ್ತಿಕೊಳ್ಳಬಹುದು. ಗುಂಡಿ ಒತ್ತಿ ಸಿಬ್ಬಂದಿಯನ್ನು ಕರೆಯಿರಿ. ಫೋನ್ ಹೊತ್ತಿಕೊಂಡೇಬಿಟ್ಟರೆ, ಉರಿ ಆರಿದ ಮೇಲೂ ಅವರು ಅದರ ಮೇಲೆ ನೀರು ಸುರಿಯುತ್ತಲೇ ಇರುತ್ತಾರೆ, "ಕರೆಂಟಿನ ಬೆಂಕಿಗೆ ನೀರಾ?" ಅಂತ ಗಾಬರಿ ಬೀಳಬೇಡಿ. ಪಕ್ಕದ ಸೆಲ್ ಕಾದು ಮತ್ತೆ ಹೊತ್ತಿಕೊಳ್ಳದಿರಲಿ ಅಂತ ಅದನ್ನು ತಣ್ಣಗೆ ಮಾಡುತ್ತಿರುತ್ತಾರೆ.

ನನ್ನ ಮಾತು ಇಷ್ಟೇ. ಪ್ರಶ್ನೆ ಇದ್ದವರು ಕೈ ಎತ್ತಿ, ಮೈಕ್ ನಿಮ್ಮ ಹತ್ತಿರ ಬರುತ್ತದೆ.